ಪದವಿನ ಹುಲ್ಲು ಹಳತೋ, ಕಾವಿನ ಧೂಪ ಹಳತೋ?

ಮಳೆಗಾಲದ ಆಟಿ ತಿಂಗಳಲ್ಲಿ ಕಾಸರಗೋಡಿನ ಯಾವುದಾದರೂ ಪದವು, ಅಂದರೆ ಮುರಕಲ್ಲಿನ ಎತ್ತರದ ಬಯಲು, ಹತ್ತಿ ನೋಡಿ. ಕಲ್ಲಿನ ಮೇಲೆ ಬೆರಳು ದಪ್ಪದ ಮಣ್ಣು, ಅದರಲ್ಲಿ ಮುಳಿಹುಲ್ಲು. ನೀರು ನಿಂತಲ್ಲಿ ಬಿಳಿ ತಲೆಯ ಎರಿಯೋಕಾಲನ್, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಅಂಟುಹನಿಯಿಂದ ನೊಣ ಹಿಡಿಯುವ ಡ್ರೋಸೆರಾ. ಕೆಳಗಿನ ತಗ್ಗಿನಲ್ಲಿ ಕಾವು (ದೇವರ ಕಾಡು) ಇದ್ದರೆ ಧೂಪದ ಮರ, ರಾಂಪತ್ರೆ. ಮಳೆ ಎರಡಕ್ಕೂ ಒಂದೇ. ಮಣ್ಣಿನ ಆಳ, ಬೇಸಗೆಯ ತೇವ ಅಳೆದರೆ ಯಾವ ಗಿಡ ಎಲ್ಲಿ ಬದುಕುತ್ತದೆ ಎಂದು ಗೊತ್ತಾಗುತ್ತದೆ. ಈ ಗಿಡಗಳೇ ಯಾಕೆ, ಯಾವಾಗ ಬಂದವು ಎಂಬುದಕ್ಕೆ ಅವುಗಳ ವಂಶಾವಳಿಯನ್ನೇ ಕೇಳಬೇಕು.

ಕಾಡಿನ ಕಡೆಯಿಂದ ಶುರು ಮಾಡೋಣ. ಪುನರ್ಪುಳಿ, ನೆಲ್ಲಿ, ಸುರಹೊನ್ನೆ, ಅಳಿವೆಯ ಕಾಂಡ್ಲ, ತೋಟದ ರಬ್ಬರ್, ಮರಗೆಣಸು ಎಲ್ಲವೂ ಮಾಲ್ಪೀಘಿಯೇಲೀಸ್ ಎಂಬ ಒಂದೇ ಗಣದವು (ಗಣ ಎಂದರೆ ಹಲವು ಕುಟುಂಬಗಳ ಗುಂಪು). ಮಳೆಕಾಡಿನ ನೆರಳಿನಲ್ಲಿ ಬೆಳೆಯುವ ಮರಗಳಲ್ಲಿ ಈ ಗಣದ ಪಾಲು ದೊಡ್ಡದು. ಇದರ ಮುಖ್ಯ ಕವಲುಗಳು ಸುಮಾರು 11 ಕೋಟಿ ವರ್ಷಗಳ ಹಿಂದೆ ಬೇಗಬೇಗನೆ ಒಡೆದವು ಎಂದು 2005ರಲ್ಲಿ ವಿಜ್ಞಾನಿಗಳು ಡಿಎನ್ಎ ಆಧಾರದಿಂದ ಲೆಕ್ಕ ಹಾಕಿದರು. ಹಾಗಾದರೆ ಮಳೆಕಾಡೂ ಅಷ್ಟೇ ಹಳತು ಎಂಬುದು ಅವರ ವಾದ. ಆದರೆ ಕೊಲಂಬಿಯಾದ ಸೆರೆಹೋನ್ ಗಣಿಯಲ್ಲಿ ಸಿಕ್ಕ, ಇಂದಿನ ಮಳೆಕಾಡನ್ನು ಹೋಲುವ ಎಲೆಗಳ ಪಳೆಯುಳಿಕೆ ಸುಮಾರು 6 ಕೋಟಿ ವರ್ಷದ್ದು, ಡೈನೋಸಾರ್‌ಗಳು ಅಳಿದ ಮೇಲಿನದ್ದು. ನನ್ನ ಮಟ್ಟಿಗೆ ಎರಡೂ ಸರಿ ಇರಬಹುದು: ವಂಶ ಹಳತಾದ ಮಾತ್ರಕ್ಕೆ ಅದು ವಾಸಿಸುವ ಕಾಡು ಹಳತಾಗಬೇಕೆಂದಿಲ್ಲ.

ಹುಲ್ಲುಗಾವಲಿನ ಕಥೆ ಬೇರೆ. ಬ್ರೆಜಿಲ್‌ನ ಸೆರಾಡೊ ಸವನ್ನಾದ ಗಿಡಗಳನ್ನು 2009ರಲ್ಲಿ ಹೀಗೆಯೇ ಪರಿಶೀಲಿಸಿದಾಗ ಅಲ್ಲಿಯ ವಂಶಗಳು ಕವಲೊಡೆದದ್ದು 1 ಕೋಟಿ ವರ್ಷದೊಳಗೆ, ಹೆಚ್ಚಿನವು 40 ಲಕ್ಷದೊಳಗೆ ಎಂದು ಕಂಡಿತು. ಬೆಂಕಿ ಹಿಡಿಯುವ ಸಿ4 ಹುಲ್ಲು (ಬಿಸಿಲಿಗೆ ಹೊಂದುವ ರೀತಿಯಲ್ಲಿ ಆಹಾರ ತಯಾರಿಸುವ ಹುಲ್ಲು) ಹಬ್ಬಿದ ಮೇಲೆ ಸುತ್ತಲಿನ ಕಾಡಿನ ಕುಲಗಳೇ ದಪ್ಪ ತೊಗಟೆ, ನೆಲದಡಿಯ ಗಟ್ಟಿ ಕಾಂಡ ಬೆಳೆಸಿಕೊಂಡು ಬಯಲಿಗೆ ಇಳಿದವು. ನಮ್ಮ ಉಪಖಂಡದಲ್ಲಿ ಸಿ4 ಹುಲ್ಲು ಹಬ್ಬಿದ್ದಕ್ಕೆ ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನಲ್ಲಿ ಕಾರ್ಬನ್ ಐಸೊಟೋಪ್ (ಬೇರೆ ಬೇರೆ ತೂಕದ ಕಾರ್ಬನ್ ಪರಮಾಣು) ಸಾಕ್ಷಿ ಇದೆ, ಸುಮಾರು 80ರಿಂದ 60 ಲಕ್ಷ ವರ್ಷದ ಹಿಂದಿನದು. ಆ ಲೆಕ್ಕವನ್ನು ಹಾಗೇ ತಂದು ಪದವಿಗೆ ಅಂಟಿಸುವಂತಿಲ್ಲ. ಇಲ್ಲಿ ಮರ ಬಾರದಂತೆ ತಡೆಯುವುದು ಬೆಂಕಿಗಿಂತ ಹೆಚ್ಚಾಗಿ ಬಂಡೆ. ಪದವಿನ ಗಿಡಗಳ ವಯಸ್ಸನ್ನು ಬೇರೆಯಾಗಿಯೇ ಅಳೆಯಬೇಕು. ಅದಕ್ಕೆ ಮೊದಲೇ ಪಾಳು ಜಾಗ ಎಂದು ಜೆಸಿಬಿ ಹತ್ತಿಸುವುದು ನಮ್ಮಲ್ಲಿ ರೂಢಿ.

ಅಳೆಯುವಾಗ ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ತರವಾಡು (ಮೂಲ ಕೂಡುಕುಟುಂಬ) ಒಡೆದು ಕವಲಾದ ವರ್ಷ ಬೇರೆ, ಆ ಕವಲಿನಲ್ಲಿ ಈಗ ಬದುಕಿರುವವರೆಲ್ಲರಿಗೂ ಮೂಲವಾದ ಅಜ್ಜಿಯ ಕಾಲ ಬೇರೆ. ಗಿಡಗಳ ವಂಶದಲ್ಲೂ ಹಾಗೆಯೇ, ಈ ಎರಡರ ನಡುವೆ ಕೋಟಿ ವರ್ಷ ಇರಬಹುದು. ಮೊದಲನೆಯದನ್ನು ‘ಇಲ್ಲಿಗೆ ಬಂದ ಕಾಲ’ ಎಂದು ಬರೆದರೆ ಎಲ್ಲವೂ ಪ್ರಾಚೀನವಾಗಿ ಕಾಣುತ್ತದೆ. ಪಳೆಯುಳಿಕೆಯೂ ಕನಿಷ್ಠ ವಯಸ್ಸನ್ನಷ್ಟೇ ಹೇಳುತ್ತದೆ. ಗುಜರಾತಿನ ವಸ್ತಾನ್ ಗಣಿಯ ಅಂಬರು ಧೂಪದ ಮರದ ಕುಟುಂಬದ ರಾಳ, ಸುಮಾರು 5 ಕೋಟಿ ವರ್ಷದ್ದು. ಕುಟುಂಬ ಆಗಲೇ ಇಲ್ಲಿತ್ತು, ಅಷ್ಟೇ. ಎಂದಿನಿಂದ ಎಂದು ಅದು ಹೇಳದು.

ಡಿಎನ್ಎಗಾಗಿ ಎಲೆಯ ಮಾದರಿ ಸಂಗ್ರಹ ಮಳೆಗಾಲದಲ್ಲೇ ಆಗಬೇಕು, ತೊಂದರೆಯೂ ಆಗಲೇ. ಎಳೆ ಎಲೆಯನ್ನು ಒರೆಸಿ, ಚೂರು ಮಾಡಿ, ಕಾಗದದ ಲಕೋಟೆಯಲ್ಲಿಟ್ಟು ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ (ತೇವ ಹೀರುವ ಹರಳು) ಇರುವ ಜಿಪ್ ಚೀಲಕ್ಕೆ ಹಾಕಿ. ಒಂದು ದಿನದೊಳಗೆ ಹಸಿರಾಗಿಯೇ ಒಣಗಿ ಪಟ್ಟನೆ ಮುರಿಯಬೇಕು. ನೀಲಿ ಹರಳು ಗುಲಾಬಿಯಾದರೆ ಕೂಡಲೇ ಬದಲಿಸಿ. ಎಲೆ ಕಂದು ಬಣ್ಣಕ್ಕೆ ತಿರುಗಿದರೆ ಡಿಎನ್ಎ ತುಂಡಾಗಿರುತ್ತದೆ. ಎರಿಯೋಕಾಲನ್ ಬುಡದ ಪಾಚಿಯನ್ನು ತೊಳೆಯದಿದ್ದರೆ, ಡ್ರೋಸೆರಾದ ಎಲೆಗೆ ಅಂಟಿದ ನೊಣವನ್ನು ತೆಗೆಯದಿದ್ದರೆ ಅವುಗಳ ಡಿಎನ್ಎಯೂ ಸೇರುತ್ತದೆ. ಹೋಲಿಸಲು ಆರ್‌ಬಿಸಿಎಲ್ ಎಂಬ ಜೀನ್ ಕುಟುಂಬದ ಮಟ್ಟಕ್ಕೆ ಒಳ್ಳೆಯದು, ಹತ್ತಿರದ ಎರಿಯೋಕಾಲನ್ ಪ್ರಭೇದಗಳನ್ನು ಬೇರೆ ಮಾಡಲು ಸಾಲದು, ಐಟಿಎಸ್ ಎಂಬ ಡಿಎನ್ಎ ಭಾಗವನ್ನೂ ಸೇರಿಸಿ.

ಶ್ರೀಲಂಕಾ, ಆಫ್ರಿಕಾ, ಆಗ್ನೇಯ ಏಷ್ಯಾದ ಹತ್ತಿರದ ನಂಟರು ಹೋಲಿಸುವ ಗಿಡಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮ ಗಿಡ ಬೇರೆಯಾದ ಕಾಲ ಸುಳ್ಳೇ ಹಿಂದಕ್ಕೆ ಹೋಗುತ್ತದೆ. ಆ ಖಾಲಿಯನ್ನು ಹರ್ಬೇರಿಯಂ ಹಾಳೆಗಳಿಂದ (ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ಗಿಡಗಳಿಂದ) ತುಂಬಬಹುದು. ಆದರೆ ಮಳೆಗಾಲದಲ್ಲಿ ಬೂಸಲು ಹಿಡಿಯದಂತೆ ಸ್ಪಿರಿಟ್‌ನಲ್ಲಿ ತೋಯಿಸಿ ಒಣಗಿಸಿದ ಹಾಳೆಗಳನ್ನು ನೆಚ್ಚಬೇಡಿ, ಅವುಗಳಲ್ಲಿ ಡಿಎನ್ಎ ಬಹಳ ಹಾಳಾಗಿರುತ್ತದೆ.