ಎಸ್‌ಎಂಪಿಎಸ್ ಬದಲಿಸುವಾಗ ಡಬ್ಬ ಬಿಡಿ, ಪಕ್ಕದ ಸ್ಟಿಕರ್ ಓದಿ

ದಿನವಿಡೀ ಬ್ರೌಸರ್ ತೆರೆದಿಟ್ಟರೂ ಏನೂ ಆಗದ ಕಂಪ್ಯೂಟರ್, ಆಟ ಶುರುವಾದ ಹತ್ತು ನಿಮಿಷಕ್ಕೆ ಪಟ್ಟಂತ ಆಫ್ ಆಗುತ್ತದೆ. ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿಡುವ ಈವೆಂಟ್ ವ್ಯೂವರ್ ತೆರೆದರೆ ಅಲ್ಲಿ ಕರ್ನಲ್-ಪವರ್ 41 ಎಂಬ ಸಾಲು. ಅದನ್ನು ನೋಡಿದ್ದೇ ತಡ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟ್‌ಗಳಿಗೆ ಇಳಿಸಿ ಕೊಡುವ ಡಬ್ಬಿ) ಹೋಯಿತು ಎಂದು ಹೊಸದನ್ನು ತರಲು ಹೊರಡುವವರೇ ಹೆಚ್ಚು. 41 ಹೇಳುವುದು ಇಷ್ಟೇ: ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿತ್ತು. ಯಾಕೆ ನಿಂತಿತು ಎಂಬುದು ವಿಂಡೋಸ್‌ಗೂ ಗೊತ್ತಿರುವುದಿಲ್ಲ.

ದುಡ್ಡು ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಬಹುದು. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ ಅನ್ನು ಸಾಫ್ಟ್‌ವೇರ್‌ನಲ್ಲಿ ಶೇ 70ಕ್ಕೆ ಇಳಿಸಿ ಅದೇ ಆಟ ಆಡಿ. ಆಫ್ ಆಗುವುದು ನಿಂತರೆ ಅನುಮಾನ ಎಸ್‌ಎಂಪಿಎಸ್ ಕಡೆ ವಾಲುತ್ತದೆ. ಕಾರ್ಡಿನದೇ ದೋಷ ಇರುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಸುಳಿವು ಇನ್ನೊಂದಿದೆ. ಆಫ್ ಆದ ಮೇಲೆ ಪವರ್ ಬಟನ್ ಒತ್ತಿದರೂ ಜೀವ ಬರುವುದಿಲ್ಲ, ಹಿಂದಿನ ಸ್ವಿಚ್ ಆರಿಸಿ ಹಾಕಿದ ಮೇಲಷ್ಟೇ ಏಳುತ್ತದೆ ಎಂದಾದರೆ, ಎಸ್‌ಎಂಪಿಎಸ್ ಒಳಗಿನ ರಕ್ಷಣಾ ಸರ್ಕ್ಯೂಟೇ ಕರೆಂಟ್ ಕಡಿದು ಲಾಕ್ ಆಗಿ ಕೂತಿತ್ತು ಎಂದರ್ಥ.

ಮದರ್‌ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿಸಿ ನೋಡುವ ಪರೀಕ್ಷೆ ಬಹಳ ಜನಪ್ರಿಯ. ಅದರಿಂದ ತಿಳಿಯುವುದು ಎಸ್‌ಎಂಪಿಎಸ್ ಎಚ್ಚರಗೊಳ್ಳುತ್ತದೆ ಎಂಬುದು ಮಾತ್ರ. ಹೊರೆ ಹೊರುತ್ತದೋ ಇಲ್ಲವೋ ಅದು ಹೇಳುವುದಿಲ್ಲ. ಈಗಿನ ಎಷ್ಟೋ ಮಾದರಿಗಳಲ್ಲಿ ಹೊರೆ ಕಡಿಮೆ ಇದ್ದಾಗ ಫ್ಯಾನ್ ತಿರುಗುವುದೇ ಇಲ್ಲ, ಹಾಗಾಗಿ ಚೆನ್ನಾಗಿರುವುದನ್ನೂ ಸತ್ತಿದೆ ಅಂದುಕೊಳ್ಳಬಹುದು. ಮಲ್ಟಿಮೀಟರ್ ಇದ್ದರೆ ಆಟ ಓಡುತ್ತಿರುವಾಗ 12 ವೋಲ್ಟ್ ತಂತಿ ಅಳೆಯಿರಿ. 11.4ರಿಂದ 12.6ರ ಒಳಗಿರಬೇಕು. ಮದರ್‌ಬೋರ್ಡ್ ಸೆನ್ಸರ್ ತೋರಿಸುವ ಅಂಕಿಗಳನ್ನು ನೆಚ್ಚಿಕೊಳ್ಳಬೇಡಿ.

ಇನ್ನು ಎಷ್ಟು ವ್ಯಾಟ್ ಬೇಕು ಎಂಬ ಲೆಕ್ಕ. ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ಗರಿಷ್ಠ 162 ವ್ಯಾಟ್ ಎಳೆಯಬಹುದು, ಆಟದಲ್ಲಿ ಅದಕ್ಕಿಂತ ಬಹಳ ಕಡಿಮೆ. ಆರ್‌ಟಿಎಕ್ಸ್ 4070 ಟಿಐ ಸೂಪರ್ ಕಾರ್ಡಿಗೆ 285. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 75 ಇಟ್ಟುಕೊಳ್ಳಿ. ಒಟ್ಟು 522. ಇದಕ್ಕೆ ಒಳ್ಳೆಯ 750 ಧಾರಾಳ ಸಾಕು. 1000 ಹಾಕಿದರೆ ಆಟ ವೇಗವಾಗಿ ಓಡುವುದಿಲ್ಲ. ಕೋರ್ ಐ9-14900ಕೆ ಜೊತೆ ಆರ್‌ಟಿಎಕ್ಸ್ 4090 ಇದ್ದರೆ ಲೆಕ್ಕವೇ ಬೇರೆ: 253, 450, ಮೇಲೆ 80 ಸೇರಿ 783 ಆಗುತ್ತದೆ. ಅಲ್ಲಿ 1000 ವ್ಯಾಟ್ ದುಂದು ಅಲ್ಲ.

ಲೆಕ್ಕ ಸರಿಯಿದ್ದೂ ಯಂತ್ರ ಆಫ್ ಆಗುವುದುಂಟು. ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟ್ ಸಮನಾಗಿರುವುದಿಲ್ಲ. ಕಣ್ಣುಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಅದು ತನ್ನ ಸರಾಸರಿಯ ಎರಡು ಪಟ್ಟಿನ ಹತ್ತಿರ ಜಿಗಿದು ಇಳಿಯಬಹುದು. ಈ ಜಿಗಿತ ಮಲ್ಟಿಮೀಟರ್ ಕಣ್ಣಿಗೆ ಬೀಳುವುದಿಲ್ಲ, ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟಿಗೆ ಬೀಳುತ್ತದೆ. ಎಸ್‌ಎಂಪಿಎಸ್‌ಗಳ ವಿನ್ಯಾಸಕ್ಕೆ 2022ರ ಎಟಿಎಕ್ಸ್ 3.0 ನಿಯಮ ಬಂದದ್ದೇ ಇದಕ್ಕಾಗಿ: ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ ಹೊಸ ಹದಿನಾರು ಪಿನ್ ಕನೆಕ್ಟರ್ ಇರುವ, 450 ವ್ಯಾಟ್ ಮೀರಿದ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಶೇ 200ರಷ್ಟನ್ನು 100 ಮೈಕ್ರೊಸೆಕೆಂಡ್ ತಾಳಿಕೊಳ್ಳಬೇಕು. ಹಳೆಯ 850ಕ್ಕಿಂತ ಈ ನಿಯಮಕ್ಕೆ ಒಪ್ಪುವ ಹೊಸ 750 ಎಷ್ಟೋ ಸಲ ಮೇಲು ಅನ್ನುವುದು ಇದರಿಂದಲೇ.

ಈಗ ಸ್ಟಿಕರ್. ಎಸ್‌ಎಂಪಿಎಸ್ ಪಕ್ಕದಲ್ಲಿ ಒಂದು ಕೋಷ್ಟಕ ಅಂಟಿಸಿರುತ್ತಾರೆ. ಅದರಲ್ಲಿ +12ವಿ ಎಂಬ ಕಾಲಂ ಹುಡುಕಿ, ಕೆಳಗಿನ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿ. 650 ವ್ಯಾಟ್ ಎಂದು ಬರೆದ ಒಂದರಲ್ಲಿ 54 ಆಂಪಿಯರ್ ಇದ್ದರೆ 648 ವ್ಯಾಟ್. ಹೆಚ್ಚುಕಡಿಮೆ ಪೂರ್ತಿ ಸಾಮರ್ಥ್ಯ ಬೇಕಾದ ಕಡೆಯೇ ಇದೆ. ಅದೇ 650 ಎಂದು ಬರೆದ ಇನ್ನೊಂದರಲ್ಲಿ 38 ಆಂಪಿಯರ್ ಇದ್ದರೆ ಬರೀ 456 ವ್ಯಾಟ್. ಉಳಿದದ್ದನ್ನು 5 ವೋಲ್ಟ್, 3.3 ವೋಲ್ಟ್ ಲೆಕ್ಕಕ್ಕೆ ತುಂಬಿಸಿರುತ್ತಾರೆ. ಇವತ್ತಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಹುತೇಕ ಪೂರ್ತಿ 12 ವೋಲ್ಟ್ ಮೇಲೆಯೇ ಬದುಕುವುದು. ಎರಡನೆಯದು ಹೆಸರಿಗೆ 650, ಆಟಕ್ಕೆ 450. ಹಲವು ಸಾಲು 12ವಿ ಕೊಟ್ಟಿದ್ದರೆ ಅವುಗಳ ಆಂಪಿಯರ್‌ಗಳನ್ನು ಕೂಡಿಸಬೇಡಿ. ಒಟ್ಟು 12ವಿ ವ್ಯಾಟ್ ಎಷ್ಟು ಎಂದು ಬೇರೆಯಾಗಿ ಬರೆದಿರುತ್ತಾರೆ, ಅದನ್ನೇ ಹಿಡಿಯಿರಿ.

ದಕ್ಷತೆಗೆ ಕೊಡುವ 80 ಪ್ಲಸ್ ಮುದ್ರೆಯ ಬಗ್ಗೆ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ. 500 ವ್ಯಾಟ್ ಗೋಲ್ಡ್ (ಆ ಮುದ್ರೆಯ ಒಂದು ದರ್ಜೆ) ಅಂದರೆ 450 ಕೊಡುತ್ತದೆ ಎಂದಲ್ಲ. ಬರೆದದ್ದು ಹೊರಗೆ ಕೊಡುವ ವ್ಯಾಟ್. ದಕ್ಷತೆಯ ಲೆಕ್ಕ ಗೋಡೆಯಿಂದ ಎಳೆಯುವ ಕಡೆಗೆ. 500 ವ್ಯಾಟ್ ಹೊರೆಗೆ ಶೇ 90 ದಕ್ಷತೆ ಇದ್ದರೆ ಗೋಡೆಯಿಂದ ಸುಮಾರು 556 ಎಳೆಯುತ್ತದೆ, ಶೇ 85 ಆದರೆ 588. ವ್ಯತ್ಯಾಸದ 32 ವ್ಯಾಟ್ ಎಸ್‌ಎಂಪಿಎಸ್ ಒಳಗೇ ಶಾಖವಾಗುತ್ತದೆ. ಮುದ್ರೆ ಹೇಳುವುದು ಇಷ್ಟು ಮಾತ್ರ. 12 ವೋಲ್ಟ್‌ನಲ್ಲಿ ರಿಪ್ಪಲ್ (ವೋಲ್ಟೇಜಿನ ಸಣ್ಣ ಏರಿಳಿತ) 120 ಮಿಲಿವೋಲ್ಟ್ ಮಿತಿಯೊಳಗಿದೆಯೇ, ಬಿಸಿಯೇರಿದಾಗ ರಕ್ಷಣೆ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಅದಕ್ಕೆ ಪರಿಣತರು ಬಿಚ್ಚಿ, ಲೋಡ್ ಹಾಕಿ ಅಳೆದು ಬರೆದ ವಿಮರ್ಶೆಗಳನ್ನು ಓದಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ವಾರಂಟಿ ನೋಡಿ: ಹತ್ತು ವರ್ಷ ಕೊಡುವ ತಯಾರಕ ಸಾಮಾನ್ಯವಾಗಿ 105 ಡಿಗ್ರಿ ಬಿಸಿ ತಾಳುವ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಭಾಗ) ಹಾಕಿರುತ್ತಾನೆ. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದಕ್ಕೆ ತಕರಾರಿಲ್ಲ, ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಮಾತ್ರ ಬೇಡ. ಕೆಪಾಸಿಟರ್ ಎಷ್ಟು ಒಣಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಅಳತೆ ತೆಗೆದುಕೊಳ್ಳಲು ಮರೆಯಬೇಡಿ. ಎಟಿಎಕ್ಸ್ ಅಳತೆ ಎಂದರೆ ಅಗಲ 150, ಎತ್ತರ 86 ಮಿಲಿಮೀಟರ್; ಉದ್ದ ಮಾತ್ರ 140ರಿಂದ ಶುರುವಾಗಿ 180 ದಾಟುವುದೂ ಇದೆ, ಜೊತೆಗೆ ಕೇಬಲ್ ಬಾಗಲು ಜಾಗ ಬೇಕು. ಪುಟ್ಟ ಕ್ಯಾಬಿನೆಟ್‌ಗಳಿಗೆ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆ: 125, 63.5, 100. ಕೆಲವು ರೆಡಿಮೇಡ್ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ ಪವರ್ ಕನೆಕ್ಟರೇ ಬೇರೆ ಥರ ಇರುತ್ತದೆ. 24 ಪಿನ್ ಕಾಣದಿದ್ದರೆ ಅಲ್ಲೇ ನಿಲ್ಲಿ. ಯುಪಿಎಸ್ ಇಟ್ಟುಕೊಂಡವರು ಅದರ ವ್ಯಾಟ್ ನೋಡಿ, ವಿಎ (ವೋಲ್ಟ್-ಆಂಪಿಯರ್) ಅಲ್ಲ. ಬ್ಯಾಟರಿಗೆ ಹೋದಾಗ ಶುದ್ಧ ಸೈನ್ ವೇವ್ ಕೊಡದ ಯುಪಿಎಸ್ ಜೊತೆ ಕೆಲವು ಎಸ್‌ಎಂಪಿಎಸ್‌ಗಳು ಹೊಂದುವುದಿಲ್ಲ, ಕರೆಂಟ್ ಹೋದ ಕ್ಷಣವೇ ಆಫ್ ಆಗುತ್ತವೆ.

ಜೋಡಿಸುವಾಗ ಆಗುವ ಅನಾಹುತಗಳಲ್ಲಿ ಒಂದು ಉಳಿದೆಲ್ಲಕ್ಕಿಂತ ದುಬಾರಿ. ಹೊಸದೂ ಮಾಡ್ಯುಲರ್, ಹಳೆಯದೂ ಮಾಡ್ಯುಲರ್; ಅಂದರೆ ಎರಡರಲ್ಲೂ ಕೇಬಲ್‌ಗಳನ್ನು ಎಸ್‌ಎಂಪಿಎಸ್‌ನಿಂದ ಕಿತ್ತು ತೆಗೆಯಬಹುದು. ಹಳೆಯ ಕೇಬಲ್‌ಗಳನ್ನು ಆಗಲೇ ಅಚ್ಚುಕಟ್ಟಾಗಿ ಹಿಂದಿನಿಂದ ಎಳೆದು ಕಟ್ಟಿದೆ. ಮತ್ತೆ ಬಿಚ್ಚುವುದು ಯಾಕೆ, ಎಸ್‌ಎಂಪಿಎಸ್ ಕಡೆಯ ತುದಿಯನ್ನಷ್ಟೇ ಕಿತ್ತು ಹೊಸದಕ್ಕೆ ಸಿಕ್ಕಿಸೋಣ ಅನ್ನಿಸುತ್ತದೆ. ಕನೆಕ್ಟರ್ ಕೂರುತ್ತದೆ ಕೂಡ. ಆದರೆ ಡ್ರೈವ್ ಕಡೆಯ ತುದಿಗೆ ಮಾತ್ರ ಒಂದೇ ಪದ್ಧತಿ. ಎಸ್‌ಎಂಪಿಎಸ್ ಕಡೆ ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಎಂಬುದಕ್ಕೆ ನಿಯಮವಿಲ್ಲ, ಒಂದೇ ಬ್ರ್ಯಾಂಡಿನ ಎರಡು ಸರಣಿಗಳಲ್ಲೂ ಬೇರೆ ಬೇರೆ ಇರಬಹುದು. ಡ್ರೈವ್‌ಗೆ ಕರೆಂಟ್ ಕೊಡುವ ಸಾಟಾ ಕೇಬಲಿನ 5 ವೋಲ್ಟ್ ತಂತಿಗೆ 12 ವೋಲ್ಟ್ ಹರಿದರೆ ಬಟನ್ ಒತ್ತಿದ ಕ್ಷಣವೇ ಎಸ್‌ಎಸ್‌ಡಿ ಸುಡುತ್ತದೆ. ಅದರ ಜೊತೆ ಅದರಲ್ಲಿದ್ದ ಫೋಟೋಗಳೂ ಹೋಗುತ್ತವೆ. ಎಲ್ಲ ಕೇಬಲ್ ತೆಗೆಯಿರಿ, ಒಂದನ್ನೂ ಬಿಡಬೇಡಿ.

ಉಳಿದದ್ದು ಸುಲಭ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡ್ ಒತ್ತಿಹಿಡಿಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಒಳಗಿನ ದೊಡ್ಡ ಕೆಪಾಸಿಟರ್ 400 ವೋಲ್ಟ್ ಹತ್ತಿರ ಹಿಡಿದಿಟ್ಟುಕೊಂಡಿರಬಹುದು. ಕ್ಯಾಬಿನೆಟ್ ತಳದಲ್ಲಿ ಜಾಲರಿ ಇದ್ದರೆ ಫ್ಯಾನ್ ಕೆಳಮುಖ, ಇಲ್ಲದಿದ್ದರೆ ಮೇಲ್ಮುಖ. ಪ್ರೊಸೆಸರಿನ 8 ಪಿನ್ 4+4 ಆಗಿ ಬಿಡಿಸಿಕೊಳ್ಳುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6+2 ಆಗಿ. ಎರಡರ ಧ್ರುವ ತಿರುವುಮುರುವು, ಒತ್ತಿ ತುರುಕಬೇಡಿ. ಕಾರ್ಡಿನ ಒಂದು 8 ಪಿನ್ ಕನೆಕ್ಟರಿಗೆ 150 ವ್ಯಾಟ್ ಲೆಕ್ಕ. ಎರಡು ಕನೆಕ್ಟರ್ ಬೇಡುವ ಕಾರ್ಡಿಗೆ ಒಂದೇ ಕೇಬಲಿನ ಕವಲು ತುದಿಗಳನ್ನು ಕೊಡದೆ ಎರಡು ಬೇರೆ ಕೇಬಲ್ ಎಳೆಯಿರಿ. ಹದಿನಾರು ಪಿನ್ ಆದರೆ ಕನೆಕ್ಟರ್ ಮತ್ತು ಕಾರ್ಡಿನ ನಡುವೆ ಸಂದು ಕಾಣದಷ್ಟು ಒತ್ತಿ, ಕನೆಕ್ಟರಿನಿಂದ ಮೊದಲ 35 ಮಿಲಿಮೀಟರ್ ಕೇಬಲ್ ಬಗ್ಗಿಸಬೇಡಿ. ಅರೆಬರೆ ಕೂತ ಪಿನ್‌ಗಳೇ ಬಿಸಿಯಾಗಿ ಕರಗುವುದು.

ಹೊಸದು ಓಡತೊಡಗಿದ ಮೇಲೆ ಭಾರದ ಆಟವೊಂದನ್ನು ಅರ್ಧ ಗಂಟೆ ಆಡಿ, ನಂತರ ಯಂತ್ರ ಆರಿಸಿ ಕಾರ್ಡಿನ ಕನೆಕ್ಟರ್ ಬಳಿಯ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಕಿತ್ತು ಮತ್ತೆ ಕೂರಿಸಿ. ಹಳೆಯ ಕೇಬಲ್‌ಗಳನ್ನೆಲ್ಲ ಒಟ್ಟಿಗೆ ಕಟ್ಟಿ, ಹಳೆಯ ಎಸ್‌ಎಂಪಿಎಸ್‌ನ ಮಾದರಿ ಹೆಸರಿನ ಚೀಟಿ ಅಂಟಿಸಿ, ಅದರ ಡಬ್ಬದಲ್ಲೇ ಇಡಿ. ಬಿಡಿ ಕೇಬಲ್‌ಗಳ ಡ್ರಾಯರ್‌ಗೆ ಹಾಕಬೇಡಿ.