ಅತ್ತೆಗೆ ಒಂದು ಲೋಟ ತಣ್ಣನೆ ಕಾಫಿ

2024ರ ಏಪ್ರಿಲ್ 28, ಭಾನುವಾರ. ಶುಕ್ರವಾರ ಓಟು ಹಾಕಿದ ಶಾಯಿ ಬೆರಳ ಮೇಲೆ ಇನ್ನೂ ಕಪ್ಪಗಿತ್ತು. ಬೆಂಗಳೂರಲ್ಲಿ ಅವತ್ತು 38.5 ಡಿಗ್ರಿ ಬಿಸಿಲು. ನೆಲಕ್ಕೆ ಕಾಲಿಟ್ಟರೂ ಬೆಚ್ಚಗೆ ಅನ್ನಿಸುತ್ತಿತ್ತು.

ಹಿಂದಿನ ಸಂಜೆ ಅತ್ತೆಗೆ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದೆವು. ಎರಡು ದಿನ ಬಿಸಿ ಏನೂ ಬೇಡ ಅಂದಿದ್ದರು ಡಾಕ್ಟರು. ತಣ್ಣಗಿದ್ದರೆ ಕುಡಿಯಬಹುದು, ಆದರೆ ಸ್ಟ್ರಾ ಹಾಕಿ ಹೀರಬಾರದು. ಹೀರಿದರೆ ಗಾಯದ ಮೇಲೆ ಕಟ್ಟಿದ ರಕ್ತದ ಹೆಪ್ಪು ಕಿತ್ತು ಬರಬಹುದಂತೆ.

ಅತ್ತೆ ಮೂಡಿಗೆರೆ ಕಡೆಯವರು. ಕಾಫಿ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವರು. ಬೆಳಗ್ಗೆ ಆರಕ್ಕೊಂದು, ಹತ್ತಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು ಲೋಟ ಕಾಫಿ ಅವರಿಗೆ ಬೇಕೇ ಬೇಕು. ಭಾನುವಾರ ಒಂಬತ್ತು ಗಂಟೆಗೆಲ್ಲ ತಲೆ ಹಿಡಿದುಕೊಂಡು ಕೂತರು. ಹಲ್ಲಿನ ನೋವಲ್ಲ, ಕಾಫಿ ಇಲ್ಲದ ತಲೆನೋವು. ಅಭ್ಯಾಸ ಇರುವವರಿಗೆ ಗೊತ್ತಿರುತ್ತೆ, ಅಲ್ವಾ? ಅವರು ಬಾಯಿಬಿಟ್ಟು ಕೇಳಲಿಲ್ಲ. ಫಿಲ್ಟರ್ ಕಡೆ ಒಂದು ಸಲ ನೋಡಿದರು, ಅಷ್ಟೇ. ನನಗೆ ತಡೆಯಲಾಗಲಿಲ್ಲ.

ಮನೆಯಲ್ಲಿ ಇದ್ದದ್ದು ಸ್ಟೀಲ್ ಫಿಲ್ಟರ್, ಐಸ್ ಟ್ರೇ, ಫ್ರಿಜ್ಜು, ಲೋಟಗಳು. ಆಗಷ್ಟೇ ಇಳಿದ ಡಿಕಾಕ್ಷನ್ ಲೋಟಕ್ಕೆ ಹಾಕಿ, ಸಕ್ಕರೆ, ತಣ್ಣನೆ ಹಾಲು, ಮೇಲೆ ಐದಾರು ತುಂಡು ಐಸು ಹಾಕಿ ಕೊಟ್ಟೆ. ಅತ್ತೆ ಎರಡು ಗುಟುಕು ಕುಡಿದು ಕೆಳಗಿಟ್ಟರು. "ಕಾಫಿ ಲೋಟ ತೊಳೆದ ನೀರಿನ ಹಾಗಿದೆಯಮ್ಮ" ಅಂದರು. ನಾನೂ ಕುಡಿದು ನೋಡಿದೆ. ನಿಜವೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಒಂದು ಗ್ರಾಂ ಐಸು ಕರಗಲು 80 ಕ್ಯಾಲರಿ ಶಾಖ ಬೇಕು ಅಂತ ವರ್ಷವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ಲೆಕ್ಕ ಅವತ್ತು ಲೋಟದಲ್ಲಿ ಕಣ್ಣಿಗೆ ಕಂಡಿತು. 80 ಡಿಗ್ರಿ ಬಿಸಿಯ ಡಿಕಾಕ್ಷನ್ ಸೊನ್ನೆಗೆ ಇಳಿಯಬೇಕಾದರೆ ತನ್ನಷ್ಟೇ ತೂಕದ ಐಸನ್ನು ಕರಗಿಸುತ್ತದೆ. ಅಂದರೆ ಅರ್ಧ ಲೋಟ ಡಿಕಾಕ್ಷನ್‌ಗೆ ಅರ್ಧ ಲೋಟ ನೀರು ನಾನೇ ಬೆರೆಸಿದ ಹಾಗಾಯಿತು. ಐಸು ಹಾಕುವ ಮೊದಲೇ ಕಾಫಿ ತಣ್ಣಗಾಗಿರಬೇಕು. ಐಸೂ ನೀರಿನದ್ದಾಗಿರಬಾರದು.

ಮತ್ತೆ ಶುರು ಮಾಡಿದೆ. ಫಿಲ್ಟರಿಗೆ ಯಾವಾಗಲೂ ಹಾಕುವುದಕ್ಕಿಂತ ಒಂದೂವರೆ ಪಟ್ಟು ಪುಡಿ ಹಾಕಿ, ನೀರು ಕಡಿಮೆ ಹಾಕಿದೆ. ಮೊದಲ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಗೆ ಇಳಿಯಿತು. ಅದು ಬಿಸಿ ಇದ್ದಾಗಲೇ ಸಕ್ಕರೆ ಕರಗಿಸಿದೆ. ತಣ್ಣನೆ ಕಾಫಿಯಲ್ಲಿ ಸಕ್ಕರೆ ಎಷ್ಟು ತಿರುಗಿಸಿದರೂ ತಳದಲ್ಲೇ ಕೂರುತ್ತದೆ. ಆಮೇಲೆ ಅಗಲದ ಪಾತ್ರೆಗೆ ಮಡಕೆಯ ನೀರು ಹಾಕಿ ಅದರೊಳಗೆ ಡಿಕಾಕ್ಷನ್ ಬಟ್ಟಲು ಇಟ್ಟೆ. ಮುಟ್ಟಿ ನೋಡಿ, ಬಿಸಿ ಹೋದ ಮೇಲೆ ಫ್ರಿಜ್ಜಿಗೆ. ಅದೇ ಪುಡಿಗೆ ಇನ್ನೊಂದು ಸಲ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸಿಕೊಂಡೆ. ಅದನ್ನು ಆರಿಸಿ ಐಸ್ ಟ್ರೇಗೆ ಹುಯ್ದೆ. ಕಾಯಿಸಿ ಆರಿಸಿದ ಹಾಲನ್ನು ಸೋಸಿ ಕೆನೆ ತೆಗೆದಿಟ್ಟೆ. ಬಿಸಿ ಕಾಫಿಯಲ್ಲಿ ಕೆನೆ ಚೆನ್ನ. ತಣ್ಣನೆಯದರಲ್ಲಿ ಅದು ನಾಲಿಗೆಗೆ ಮೇಣದ ಹಾಗೆ ಸಿಗುತ್ತೆ.

ಮೂರು ಗಂಟೆಗೆ ಐಸು ಕಟ್ಟಿತ್ತು. ಡಿಕಾಕ್ಷನ್, ಹಾಲು ಎರಡನ್ನೂ ಒಂದು ಲೋಟಕ್ಕೆ ಹಾಕಿ, ಇನ್ನೊಂದಕ್ಕೆ ಎತ್ತಿ ಎತ್ತಿ ಹುಯ್ದೆ. ತಣ್ಣಗಿದ್ದರೂ ನೊರೆ ಬಂತು. ಕಂದು ಬಣ್ಣದ ಎರಡು ಐಸು ತುಂಡು ಹಾಕಿದೆ. ಅವು ಕರಗಿದರೂ ಕಾಫಿಯೇ.

ಅತ್ತೆ ನಿಧಾನಕ್ಕೆ, ನೋವಿಲ್ಲದ ಕಡೆಯ ಕೆನ್ನೆಯಿಂದ ಕುಡಿದರು. ಅರ್ಧ ಗಂಟೆಗೆ ಮುಖ ಸಡಿಲವಾಯಿತು. "ತಲೆನೋವು ಇಳೀತು. ಆದ್ರೆ ಚಿಕೋರಿನೇ ಮುಂದೆ ಬರ್ತಿದೆ ನೋಡು. ನಮ್ಮ ಬೀಜ ಇದೆಯಲ್ಲ, ಅದರಲ್ಲಿ ಮಾಡು" ಅಂದರು. ಹೌದು, ಬಿಸಿಯಲ್ಲಿ ಚಿಕೋರಿ ಕಾಫಿಗೆ ಮೈ ಕೊಡುತ್ತೆ. ತಣ್ಣಗಾದಾಗ ಕಾಫಿಯ ಘಮ ಅಡಗಿ, ಚಿಕೋರಿಯ ಕಹಿ ಉಳಿಯುತ್ತೆ.

ಊರಿಂದ ಅವರೇ ತಂದ ಬೀಜ ಡಬ್ಬದಲ್ಲಿತ್ತು. ಮನೆಯಲ್ಲೇ ಹುರಿದದ್ದು. ಡಬ್ಬ ತೆಗೆದಾಗ ಅತ್ತೆಗೆ ಹಳೆಯದೆಲ್ಲ ನೆನಪಾಯಿತು. ಅವರ ಚಿಕ್ಕಂದಿನಲ್ಲಿ ಮನೆಯಲ್ಲಿ ಫಿಲ್ಟರ್ ಇರಲಿಲ್ಲವಂತೆ. ಕುದಿಯುವ ನೀರಿಗೆ ಬೆಲ್ಲ, ಪುಡಿ ಹಾಕಿ ಬಟ್ಟೆಯಲ್ಲಿ ಸೋಸುತ್ತಿದ್ದರಂತೆ. "ಫಿಲ್ಟರ್ ಯಾಕೆ, ಬಟ್ಟೆ ಸಾಕು" ಅಂದರು.

ಆ ಮಾತೇ ದಾರಿ ತೋರಿಸಿತು. ತಣ್ಣೀರಲ್ಲೇ ಕಾಫಿ ನೆನೆಸುವ ಕ್ರಮದ ಬಗ್ಗೆ ಓದಿದ್ದೆ. ಬಿಸಿನೀರು ನಿಮಿಷಗಳಲ್ಲಿ ಎಳೆದು ತೆಗೆಯುವುದನ್ನು ತಣ್ಣೀರು ಗಂಟೆಗಟ್ಟಲೆ ತೆಗೆದುಕೊಂಡು ಎಳೆಯುತ್ತದೆ. ಹುಳಿ, ಕಹಿ ಕಡಿಮೆ ಬಿಡುತ್ತದೆ. ಪುಡಿ ಮಾತ್ರ ನುಣ್ಣಗಿರಬಾರದು. ನುಣ್ಣಗಿದ್ದರೆ ರಾಡಿಯಾಗಿ ಬಟ್ಟೆಯಲ್ಲಿ ಇಳಿಯುವುದೇ ಇಲ್ಲ. ಕುಟ್ಟಾಣಿಯಲ್ಲಿ ಉಪ್ಪಿಟ್ಟಿನ ರವೆಗಿಂತ ಸ್ವಲ್ಪ ದಪ್ಪಕ್ಕೆ ಕುಟ್ಟಿದೆ. 60 ಗ್ರಾಂ ಪುಡಿ, ಅರ್ಧ ಲೀಟರ್ ಕ್ಯಾನ್ ನೀರು. ಆ ಬೇಸಿಗೆಯಲ್ಲಿ ನಮ್ಮ ಬೋರು ಬತ್ತಿ, ಬರುತ್ತಿದ್ದ ಟ್ಯಾಂಕರ್ ನೀರು ಕಾಫಿಗೆ ಆಗುವಂತಿರಲಿಲ್ಲ. ಸ್ಟೀಲ್ ಡಬ್ಬದಲ್ಲಿ ಕಲಸಿ, ಮುಚ್ಚಿ, ರಾತ್ರಿ ಎಂಟಕ್ಕೆ ಫ್ರಿಜ್ಜಲ್ಲಿಟ್ಟೆ.

ಸೋಮವಾರ ಬೆಳಗ್ಗೆ ಹತ್ತಕ್ಕೆ, ಹದಿನಾಲ್ಕು ಗಂಟೆ ಆದ ಮೇಲೆ, ಮಾವನವರ ಹಳೇ ಪಂಚೆಯ ತುಂಡನ್ನು ಪಾತ್ರೆಯ ಬಾಯಿಗೆ ಕಟ್ಟಿ ಹುಯ್ದೆ. ಬೇಗ ಆಗಲಿ ಅಂತ ಹಿಂಡಲು ಹೋದೆ. ಅತ್ತೆ ಕೈ ಹಿಡಿದರು. "ಹಿಂಡಬೇಡ, ಗಸಿ ಬರ್ತದೆ. ಅದೇ ಇಳೀಲಿ ಬಿಡು." ಇಬ್ಬರೂ ಸುಮ್ನೆ ಕೂತೆವು. ತೊಟ್ಟು ತೊಟ್ಟಾಗಿ ಇಪ್ಪತ್ತು ನಿಮಿಷ ಇಳಿಯಿತು. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ.

ಅರ್ಧ ಲೋಟ ಅದು, ಅರ್ಧ ಲೋಟ ಹಾಲು, ಒಂದು ಚಮಚ ಜೋನಿ ಬೆಲ್ಲ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಕೆಲವೊಮ್ಮೆ ಒಡೆಯುತ್ತೆ. ಇಲ್ಲಿ ಆ ಭಯವಿಲ್ಲ, ನೀರಾಗಿರುವ ಬೆಲ್ಲ ಸಲೀಸಾಗಿ ಬೆರೆಯಿತು. ಅತ್ತೆ ಒಂದು ಗುಟುಕು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಮ್ಮಮ್ಮನ ಕಾಫಿ ಆರಿ ಹೋದಾಗ ಹಿಂಗೇ ಇರ್ತಿತ್ತು. ಆರಿದ ಕಾಫಿ ನಮಗೆ, ಮಕ್ಕಳಿಗೆ" ಅಂದರು. ಪೂರ್ತಿ ಕುಡಿದರು. ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಪಂಚೆ ಬಟ್ಟೆ ತೊಳೆಯಲು ಸೋಪು ತಗೊಂಡೆ. ಅತ್ತೆ ಅದಕ್ಕೂ ಬಿಡಲಿಲ್ಲ. ಸೋಪಿನ ವಾಸನೆ ಹಿಡಿದರೆ ಮುಂದಿನ ಕಾಫಿಗೂ ಅದೇ ವಾಸನೆ ಬರುತ್ತದಂತೆ. ಬರೀ ನೀರಲ್ಲಿ ಮೂರು ಸಲ ಅಲುಬಿ, ಬಾಲ್ಕನಿಯ ತಂತಿಗೆ ತಾವೇ ಹಾಕಿ ಬಂದರು. ಆ ಬಿಸಿಲಿಗೆ ಹತ್ತೇ ನಿಮಿಷದಲ್ಲಿ ಒಣಗಿತು. ಮಡಚಿ, ಫಿಲ್ಟರ್ ಪಕ್ಕದಲ್ಲಿ ಇಟ್ಟರು.