ಐವತ್ತು ತಂತಿವಾದ್ಯಗಳ ಭಾನುವಾರ

ಆ ಭಾನುವಾರ ಐದಾರು ಜನ ಕೂತು ಬೆಳಿಗ್ಗೆಯಿಂದ ಸಂಜೆವರೆಗೆ ಕೇಳಿದ್ದು ಒಂದೇ ಸಿನಿಮಾದ ಹಿನ್ನೆಲೆ ಸಂಗೀತ. ಸಿನಿಮಾ ಆಲ್ಫ್ರೆಡ್ ಹಿಚ್‌ಕಾಕ್‌ನ ‘ಸೈಕೊ’, 1960ರದ್ದು. ಸಂಗೀತ ಬರ್ನಾರ್ಡ್ ಹರ್ಮನ್ ಅವರದು. ಹಿನ್ನೆಲೆ ಸಂಗೀತವನ್ನು ಗಮನವಿಟ್ಟು ಕೇಳುವ ಅಭ್ಯಾಸ ಹತ್ತಿಸಿಕೊಳ್ಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಇಡೀ ಚಿತ್ರದಲ್ಲಿ ನುಡಿಸಿರುವುದು ಕಮಾನಿನ ವಾದ್ಯಗಳನ್ನು, ಅಂದರೆ ವಯಲಿನ್ ಮತ್ತು ಅದರ ಬಳಗದವನ್ನು ಮಾತ್ರ. ಕೊಳಲಿಲ್ಲ, ಟ್ರಂಪೆಟ್ ಇಲ್ಲ, ಡ್ರಮ್ ಇಲ್ಲ. ಕಿವಿಗೆ ಗೊಂದಲ ಕಮ್ಮಿ, ಹಾಗಾಗಿ ಸಂಗೀತಗಾರ ಏನು ಮಾಡುತ್ತಿದ್ದಾನೆ ಅನ್ನುವುದು ಹೊಸಬರಿಗೂ ಹಿಡಿಯುತ್ತದೆ.

ಸ್ವರಲಿಪಿಯಲ್ಲಿ ಹರ್ಮನ್ ಕೇಳಿರುವ ಲೆಕ್ಕ ಹೀಗಿದೆ: ಮೊದಲ ವಯಲಿನ್ 14, ಎರಡನೇ ವಯಲಿನ್ 12, ವಯಲಿನ್‌ಗಿಂತ ತುಸು ದೊಡ್ಡದಾದ ವಯೋಲ 10, ಇನ್ನೂ ಕೆಳದನಿಯ ಚೆಲ್ಲೊ 8, ಎಲ್ಲಕ್ಕಿಂತ ಕೆಳದನಿಯ ಡಬಲ್ ಬಾಸ್ 6. ಒಟ್ಟು ಐವತ್ತು. ಚಿತ್ರದ ಬಜೆಟ್ ಸುಮಾರು 8 ಲಕ್ಷ ಡಾಲರ್ ಮಾತ್ರ, ಆಗಿನ ಹಿಚ್‌ಕಾಕ್ ಚಿತ್ರಗಳಿಗೆ ಹೋಲಿಸಿದರೆ ಬಲು ಕಮ್ಮಿ. ದೊಡ್ಡ ಮೇಳಕ್ಕೆ ಹಣವಿರಲಿಲ್ಲ. ಆದರೆ ದುಡ್ಡಿಲ್ಲದ್ದೊಂದೇ ಕಾರಣವಲ್ಲ. ಕಪ್ಪು-ಬಿಳುಪಿನ ಚಿತ್ರಕ್ಕೆ ಕಪ್ಪು-ಬಿಳುಪಿನದೇ ನಾದ ಬೇಕು ಅನ್ನುವುದು ಹರ್ಮನ್ ಅವರ ವಿಚಾರವಾಗಿತ್ತು. ಹಾಲಿವುಡ್‌ನಲ್ಲಿ ಹೆಚ್ಚಿನವರು ರಾಗದ ಎಳೆ ಬರೆದುಕೊಟ್ಟು, ಯಾವ ವಾದ್ಯಕ್ಕೆ ಏನು ಅನ್ನುವುದನ್ನು ಬೇರೆಯವರಿಗೆ ಬಿಡುತ್ತಿದ್ದ ಕಾಲದಲ್ಲಿ ಇವರು ಪ್ರತಿ ವಾದ್ಯದ ಸ್ವರವನ್ನೂ ತಾವೇ ಬರೆಯುತ್ತಿದ್ದರು. ಅದಕ್ಕೇ ಇಲ್ಲಿ ಯಾವ ತಂತಿ ಎಲ್ಲಿ ಮಿಡಿದರೂ ಅದು ಬೇಕೆಂದೇ ಇಟ್ಟದ್ದು ಎಂದು ನಂಬಿ ಕೇಳಬಹುದು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಮ್ಯೂಟ್. ವಯಲಿನ್‌ನ ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ಸೇತುವೆಯ ಮೇಲೆ, ಸಿಕ್ಕಿಸುವ ಸಣ್ಣ ತುಂಡು ಅದು. ತಂತಿಯ ಕಂಪನ ಕುದುರೆ ದಾಟಿ ಮರದ ಪೆಟ್ಟಿಗೆಗೆ ಇಳಿಯುವುದನ್ನು ಅದು ತಗ್ಗಿಸುತ್ತದೆ. ನಾದದ ಮೇಲಿನ ಹೊಳಪು ಹೋಗಿ ಗಂಟಲು ಕಟ್ಟಿದ ಹಾಗೆ ಕೇಳುತ್ತದೆ. ‘ಸೈಕೊ’ ಚಿತ್ರದ ಉದ್ದಕ್ಕೂ ಐವತ್ತೂ ವಾದ್ಯಗಳು ಮ್ಯೂಟ್ ಹಾಕಿಕೊಂಡೇ ನುಡಿಯುತ್ತವೆ. ಮ್ಯೂಟ್ ತೆಗೆಯುವುದು ಕೊಲೆಯ ಸಂಗೀತಕ್ಕೆ ಮಾತ್ರ. ಸ್ನಾನದ ಮನೆಯ ಕೊಲೆಯ ವೇಳೆ ವಯಲಿನ್ ಹೊರಡಿಸುವ ಆ ಚೀರು ಎಲ್ಲರಿಗೂ ಗೊತ್ತು. ಅದೊಂದನ್ನೇ ಮೊಬೈಲಿನಲ್ಲಿ ಹಾಕಿ ಕೇಳಿ ‘ಇಷ್ಟೇನಾ’ ಅನ್ನುವವರೂ ಇದ್ದಾರೆ. ಅದಕ್ಕೆ ಮೊದಲಿನ ಮುಕ್ಕಾಲು ಗಂಟೆ ಹೊಳಪಿಲ್ಲದ ನಾದವನ್ನೇ ಕೇಳಿ ಕೇಳಿ ಕಿವಿ ಪಳಗಿರಬೇಕು. ಆಗಲೇ ಆ ಚೀರಿಗೆ ಬೆಲೆ.

ಮನೆಯಲ್ಲಿ ವಯಲಿನ್ ಇದ್ದರೆ ಇದನ್ನು ಕಣ್ಣೆದುರೇ ತೋರಿಸಬಹುದು. ಅಂಗಡಿಯ ರಬ್ಬರ್ ಮ್ಯೂಟ್ ಇಲ್ಲದಿದ್ದರೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪನ್ನು ಕುದುರೆಯ ಮಧ್ಯಕ್ಕೆ, ತಂತಿಗೆ ತಾಗದ ಹಾಗೆ ಸಿಕ್ಕಿಸಿ, ಒಂದೇ ಸ್ವರವನ್ನು ಒಂದೇ ಒತ್ತಡದಲ್ಲಿ ಕಮಾನು ಎಳೆದು ನುಡಿಸಿ. ಮತ್ತೆ ಕ್ಲಿಪ್ಪು ತೆಗೆದು ನುಡಿಸಿ. ಕ್ಲಿಪ್ಪಿನ ಸ್ಪ್ರಿಂಗ್ ಸಡಿಲವಿದ್ದರೆ ಗಿರಗಿರ ಸದ್ದು ಬರುತ್ತದೆ, ಗಟ್ಟಿಯಾದದ್ದೇ ಬೇಕು. ಕುದುರೆ ಓರೆಯಾಗದಂತೆ ಇನ್ನೊಂದು ಕೈಯಿಂದ ಹಿಡಿದುಕೊಂಡೇ ತೆಗೆಯಬೇಕು. ಈ ಎರಡು ನಿಮಿಷದ ಪ್ರಯೋಗ ಮಾಡಿದ ಮೇಲೆ ಚಿತ್ರವನ್ನು ಹಾಕಿದರೆ ಕಿವಿ ಹುಡುಕಬೇಕಾದ್ದನ್ನೇ ಹುಡುಕುತ್ತದೆ.

ಕೋಣೆಯ ಸಿದ್ಧತೆಯಲ್ಲಿ ಮೊದಲನೆಯದು ಫ್ಯಾನ್ ಆರಿಸುವುದು. ಮ್ಯೂಟ್ ಹಾಕಿದ ಚೆಲ್ಲೊ, ಬಾಸ್‌ಗಳ ಮೆಲುದನಿಯನ್ನು ಫ್ಯಾನಿನ ಗುಂಯ್‌ಗುಟ್ಟುವಿಕೆ ಪೂರ್ತಿ ನುಂಗಿಬಿಡುತ್ತದೆ. ಅದಕ್ಕೇ ಬೆಳಿಗ್ಗೆ ಬೇಗ, ಸೆಕೆ ಏರುವ ಮುಂಚೆ, ರಸ್ತೆಯ ಗಾಡಿಗಳ ಸದ್ದು ಶುರುವಾಗುವ ಮುಂಚೆ ಕೂರಬೇಕು. ಎರಡನೆಯದು ಟಿವಿ ಅಥವಾ ಸೌಂಡ್‌ಬಾರಿನ ‘ನೈಟ್ ಮೋಡ್’, ‘ಆಟೋ ವಾಲ್ಯೂಮ್’, ‘ಕ್ಲಿಯರ್ ವಾಯ್ಸ್’ ಇತ್ಯಾದಿಗಳನ್ನೆಲ್ಲ ಬಂದ್ ಮಾಡುವುದು. ಮೆಲ್ಲನೆಯದನ್ನು ಏರಿಸಿ ಜೋರಿನದನ್ನು ಇಳಿಸುವುದೋ, ಮಾತನ್ನಷ್ಟೇ ಮುಂದೆ ತರುವುದೋ ಅವುಗಳ ಕೆಲಸ. ಹರ್ಮನ್ ಕಟ್ಟಿದ್ದನ್ನೆಲ್ಲ ಅವು ಮಟ್ಟಸ ಮಾಡಿಹಾಕುತ್ತವೆ. ಮೊದಲ ಮಾತುಕತೆಯ ದೃಶ್ಯ ಎದುರಿಗೆ ಕೂತವರು ಮಾತಾಡಿದಷ್ಟೇ ಕೇಳುವಂತೆ ವಾಲ್ಯೂಮ್ ಹೊಂದಿಸಿ, ಆಮೇಲೆ ರಿಮೋಟ್ ಮುಟ್ಟಬಾರದು.

ಬ್ಲೂ-ರೇ ಇದ್ದರೆ ಅದರಲ್ಲಿ ಎಷ್ಟೋ ವರ್ಷಗಳ ನಂತರ ತಯಾರಿಸಿದ 5.1 ಮಿಶ್ರಣವೂ (ಸುತ್ತಲಿನ ಹಲವು ಸ್ಪೀಕರುಗಳಿಗೆ ಹಂಚಿದ್ದು) ಇದೆ, ಮೂಲ ಮೋನೊ (ಎಲ್ಲ ಸದ್ದೂ ಒಂದೇ ಧಾರೆಯಲ್ಲಿರುವುದು) ಕೂಡ ಇದೆ. ಮೋನೊ ಆರಿಸಿ. ಸಾಧ್ಯವಾದರೆ ಒಂದೇ ಸ್ಪೀಕರಿನಲ್ಲಿ ಕೇಳಿ. ಆ ಕಾಲದ ಫಿಲ್ಮಿನ ಧ್ವನಿಪಟ್ಟಿಯಲ್ಲಿ 8 ಕಿಲೋಹರ್ಟ್ಜ್ ಮೇಲಿನದು ಹೆಚ್ಚೇನೂ ಉಳಿಯುತ್ತಿರಲಿಲ್ಲ. ದುಬಾರಿ ಹೆಡ್‌ಫೋನಿಗೆ ಇಲ್ಲಿ ವಿಶೇಷ ಕೆಲಸವಿಲ್ಲ. ಬ್ಲೂಟೂತ್ ಸ್ಪೀಕರ್ ಬೇಡ. ಅದರಲ್ಲಿ ಧ್ವನಿ 200 ಮಿಲಿಸೆಕೆಂಡಿನಷ್ಟು ತಡವಾದರೂ ಸಾಕು, ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಐದು ಚೌಕಟ್ಟು ಹಿಂದೆ ಬೀಳುತ್ತದೆ. ಸಂಗೀತ ಯಾವ ಚೌಕಟ್ಟಿಗೆ ಶುರುವಾಯಿತು ಎಂದು ನೋಡಲು ಕೂತವರಿಗೆ ಇದು ದೊಡ್ಡ ವ್ಯತ್ಯಾಸ. ಸ್ಪೀಕರಿಗೆ ವೈರ್ ಜೋಡಿಸಿಯೇ ಕೇಳಬೇಕು.

ಮೊದಲು ಮೂರು ದೃಶ್ಯಗಳನ್ನು ಸದ್ದಿಲ್ಲದೆ ನೋಡಿದೆವು. ಒಂದು, ಕಚೇರಿಯ ಹಣ ಕದ್ದು ಓಡಿಹೋಗಲಿರುವ ಮೇರಿಯನ್ ತನ್ನ ಕೋಣೆಯಲ್ಲಿ ಬಟ್ಟೆ ಬದಲಿಸಿ ಪೆಟ್ಟಿಗೆ ಜೋಡಿಸುವುದು. ಮಂಚದ ಮೇಲೆ ಆ 40,000 ಡಾಲರಿನ ಲಕೋಟೆ. ಎರಡು, ಆಕೆ ಕಾರು ಓಡಿಸುವುದು. ಮೂರು, ಮೋಟೆಲಿನ ಹಿಂಬದಿಯ ಕೋಣೆಯಲ್ಲಿ ಮೋಟೆಲ್ ನಡೆಸುವ ನಾರ್ಮನ್ ಜೊತೆ ಮಾತುಕತೆ. ಸದ್ದಿಲ್ಲದೆ ನೋಡಿದರೆ ಕಾರಿನ ದೃಶ್ಯದಲ್ಲಿ ಏನೂ ಇಲ್ಲ: ಒಬ್ಬ ಹೆಂಗಸು, ಸ್ಟೀರಿಂಗು, ರಸ್ತೆ. ಯಾವುದೋ ಊರಿಗೆ ಹೊರಟಿದ್ದಾಳೆ ಅಷ್ಟೆ. ಈಗ ಸದ್ದು ಹಾಕಿ. ಶೀರ್ಷಿಕೆಯ ವೇಳೆ ಬಂದ ಓಟದ ಸಂಗೀತವೇ ಇಲ್ಲಿ ಮರಳುತ್ತದೆ, ಮಳೆಯಲ್ಲಿ ವೈಪರ್ ಆಡುವಾಗ ಮತ್ತೊಮ್ಮೆ. ಚಿತ್ರದಲ್ಲಿ ಕಾಣದ ಭಯವನ್ನೆಲ್ಲ ತಂದುಹಾಕಿದ್ದು ಅದು. ಕೋಣೆಯ ದೃಶ್ಯದಲ್ಲಿ ಒಂದು ಸಣ್ಣ ಸ್ವರಗುಚ್ಛ ಬಿಡದೆ ಸುತ್ತುತ್ತಿರುತ್ತದೆ, ಕ್ಯಾಮೆರಾ ಲಕೋಟೆಗೆ ಹೋಗಿಬಂದು ಮಾಡುವ ಹಾಗೆಯೇ. ಆಕೆ ಇನ್ನೂ ತೀರ್ಮಾನಿಸದ ಹಾಗೆ ನಟಿಸುತ್ತಿರುವಾಗ ಸಂಗೀತ ಆಗಲೇ ತೀರ್ಮಾನಿಸಿಬಿಟ್ಟಿದೆ.

ಹಾಡು ಕೇಳಿ ಬೆಳೆದ ನಮ್ಮ ಕಿವಿ ಇಲ್ಲಿ ಪಲ್ಲವಿ, ಚರಣ ಹುಡುಕಿದರೆ ಸೋಲುತ್ತದೆ. ಹರ್ಮನ್ ಬರೆಯುವುದು ಒಂದೆರಡು ಆವರ್ತದ ತುಣುಕುಗಳನ್ನು; ಅವನ್ನೇ ಮೇಲೆ ಕೆಳಗೆ ಸರಿಸಿ, ಬೇರೆ ವಾದ್ಯಕ್ಕೆ ದಾಟಿಸಿ ಮುಂದುವರಿಸುತ್ತಾರೆ. ಗುನುಗಲು ಒಂದು ಸಾಲೂ ಸಿಗದೆ ಹೋಗಬಹುದು. ಆ ತುಣುಕು ಎಲ್ಲಿ ಬದಲಾಯಿತು ಅನ್ನುವುದನ್ನು ಹಿಡಿದರೆ ಸಾಕು.

ಹಿಂಬದಿಯ ಕೋಣೆಯ ಮಾತುಕತೆಯನ್ನು ಮೂರು ಸಲವಾದರೂ ಕೇಳಬೇಕು. ಬಹುಪಾಲು ಮಾತು ಸಂಗೀತವಿಲ್ಲದೆ ನಡೆಯುತ್ತದೆ. ನಾರ್ಮನ್ ತನ್ನ ತಾಯಿಯನ್ನು ಬೇರೆಲ್ಲಾದರೂ ಸೇರಿಸಬಾರದೇ ಎಂದು ಮೇರಿಯನ್ ಕೇಳುವ ಹೊತ್ತಿಗೆ ಕೆಳಸ್ಥಾಯಿಯಲ್ಲಿ ಮೂರು ಸ್ವರಗಳ ಒಂದು ಗುಂಪು ಬರುತ್ತದೆ: ಒಮ್ಮೆಗೇ ಮೇಲೆ ಹಾರಿ, ಅದಕ್ಕಿಂತ ದೂರ ಕೆಳಗೆ ಬೀಳುತ್ತದೆ. ನಾರ್ಮನ್‌ನ ಮುಖ ಬದಲಾಗುವುದೂ ಅಲ್ಲೇ. ಈ ತುಣುಕನ್ನು ಹರ್ಮನ್ 1930ರ ದಶಕದಲ್ಲಿ ತಂತಿವಾದ್ಯಗಳಿಗೆಂದೇ ಬರೆದ ತಮ್ಮ ‘ಸಿನ್ಫೋನಿಯೆಟ್ಟಾ’ ಕೃತಿಯಿಂದ ತಂದರು. ಚಿತ್ರದ ಕೊನೆಯಲ್ಲಿ ಇದು ಇನ್ನೊಮ್ಮೆ ಬರುತ್ತದೆ. ಕೊನೆಯ ದೃಶ್ಯ ಏನೆಂದು ಇಲ್ಲಿ ಬರೆಯುವುದಿಲ್ಲ, ನೋಡದವರು ನೋಡಲಿ. ಇಡೀ ಚಿತ್ರದ ಬೀಗದ ಕೈ ಸ್ನಾನದ ಮನೆಯ ಚೀರಲ್ಲ, ಈ ಮೂರು ಸ್ವರ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೇಳುವಾಗ ಒಂದು ನೋಟ್‌ಬುಕ್ ಇರಲಿ. ಸಂಗೀತ ಶುರುವಾದ ಸಮಯ, ನಿಂತ ಸಮಯ, ಯಾವ ಮಾತು ಅಥವಾ ಚಲನೆಗೆ ಶುರುವಾಯಿತು, ಮುಂದೆ ಕೇಳಿಸುತ್ತಿರುವ ವಾದ್ಯ ಯಾವುದು, ಇಷ್ಟನ್ನು ಬರೆದುಕೊಂಡರೆ ಸಾಕು. ಸಂಗೀತ ಇಲ್ಲದ ಜಾಗಗಳನ್ನೂ ತಪ್ಪದೆ ಗುರುತಿಸಿ. ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ.

ಸುಮಾರು 47ನೇ ನಿಮಿಷಕ್ಕೆ ಸ್ನಾನದ ಮನೆ. ಪರದೆಯ ಹಿಂದೆ ನೆರಳು ಹತ್ತಿರ ಬರುವಾಗ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಬೇರೆ ಯಾರಾದರೂ ಅಲ್ಲಿ ಒಂದು ನಡುಗುವ ಬಾಸ್ ಹಾಕಿ ನಮ್ಮನ್ನು ಎಚ್ಚರಿಸುತ್ತಿದ್ದರು. ಪರದೆ ಸರಕ್ಕನೆ ಸರಿದಾಗಲೇ ಮೊದಲ ಸ್ವರ ಬೀಳುವುದು. ಈ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ಹಿಚ್‌ಕಾಕ್ ಮೊದಲು ಹೇಳಿದ್ದರು. ಹರ್ಮನ್ ಬರೆದೇ ಬರೆದರು, ಕೇಳಿಸಿದ ಮೇಲೆ ಹಿಚ್‌ಕಾಕ್ ಒಪ್ಪಿದರು.

ಇದನ್ನು ಬಿಡಿಸಿ ನೋಡಲು ಧ್ವನಿಯನ್ನು ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶಕ್ಕೆ ಹಾಕಿ, ಯಾವ ಸ್ವರ ಯಾವಾಗ ಬಂತೆಂದು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿಕೊಳ್ಳಿ. ಮೊದಲು ತೀರ ಎತ್ತರದ ಇ-ಫ್ಲ್ಯಾಟ್ ಒಂದೇ ಕಾಣುತ್ತದೆ. ಆಮೇಲೆ ಒಂದೊಂದೇ ಗುಂಪು ಕೆಳಗಿನಿಂದ ಸೇರಿಕೊಳ್ಳುತ್ತದೆ, ಮೊದಲಿನದಕ್ಕೆ ಅರ್ಧ ಸ್ವರದ ತಿಕ್ಕಾಟ ಹುಟ್ಟಿಸುವ ಸ್ವರವನ್ನೇ ಹಿಡಿದು. ಮುಂದೆ ಪ್ರತಿ ಹೊಡೆತಕ್ಕೂ ಮೇಲ್ಮುಖವಾದ ಜಾರು ಸೇರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಅದು ಓರೆ ಗೀರುಗಳಾಗಿ ಕಾಣುತ್ತದೆ. ಹಕ್ಕಿಯ ಕೂಗೋ ಚಾಕುವೋ ಎಂಬ ಅನಿಸಿಕೆ ಹುಟ್ಟುವುದು ಆ ಗೀರುಗಳಿಂದ. ಬಳಿಕ ಎತ್ತರದ ಸ್ವರಗಳೆಲ್ಲ ನಿಂತು, ಚೆಲ್ಲೊ ಮತ್ತು ಬಾಸ್‌ಗಳ ಭಾರದ ಹೊಡೆತಗಳು ಉಳಿಯುತ್ತವೆ. ಮೇರಿಯನ್ ಗೋಡೆಗೆ ಒರಗಿ ಕೆಳಗೆ ಜಾರುವುದು ಈ ಎರಡನೇ ಭಾಗಕ್ಕೆ. ಅದೂ ನಿಂತ ಮೇಲೆ ನೀರು ಸುರಿಯುವ ಸದ್ದೊಂದೇ, ಬಹಳ ಹೊತ್ತು. ನಾರ್ಮನ್ ಮನೆಯೊಳಗಿಂದ ಕೂಗಿದ ನಂತರವೇ ತಂತಿಗಳು ಮತ್ತೆ ಬರುವುದು.

ಇಲ್ಲಿ ಡಿವಿಡಿ ಹಾಕಿ ಕೇಳುವವರಿಗೆ ಒಂದು ತೊಡಕು ಎದುರಾಗುತ್ತದೆ. ಶ್ರುತಿಪೆಟ್ಟಿಗೆಯನ್ನು ಎರಡೂವರೆ ಮನೆಗೆ, ಅಂದರೆ ಇ-ಫ್ಲ್ಯಾಟ್‌ಗೆ ಇಟ್ಟು ಹೋಲಿಸಿದರೆ ಸಿನಿಮಾದ ಸ್ವರ ಮೇಲಿರುತ್ತದೆ, ಹೆಚ್ಚುಕಮ್ಮಿ ಮೂರನೇ ಮನೆಯ ಹತ್ತಿರ. ವಾದ್ಯದವರ ತಪ್ಪಲ್ಲ. ಪಾಲ್ (PAL) ಎಂಬ ಟಿವಿ ಪದ್ಧತಿಯ ಡಿವಿಡಿ ಸೆಕೆಂಡಿಗೆ 25 ಚೌಕಟ್ಟಿನಲ್ಲಿ ಓಡುತ್ತದೆ, ಸಿನಿಮಾ ತೆಗೆದದ್ದು 24ರಲ್ಲಿ. ಶೇ 4ರಷ್ಟು ವೇಗ ಹೆಚ್ಚಿದರೆ ಶ್ರುತಿ ಅರ್ಧ ಸ್ವರದ ಮುಕ್ಕಾಲು ಪಾಲಿಗೆ ತುಸು ಕಡಿಮೆ ಏರುತ್ತದೆ; 109 ನಿಮಿಷದ ಚಿತ್ರ ಸುಮಾರು 105 ನಿಮಿಷಕ್ಕೇ ಮುಗಿಯುತ್ತದೆ. ಡಿಸ್ಕಿನ ಒಟ್ಟು ಅವಧಿ ನೋಡಿದರೆ ಯಾವುದೆಂದು ತಕ್ಷಣ ಗೊತ್ತಾಗುತ್ತದೆ. ಸರಿಪಡಿಸಲು ಸಿನಿಮಾ ನೋಡುವ ತಂತ್ರಾಂಶವಾದ ವಿಎಲ್‌ಸಿಯಲ್ಲಿ ವೇಗ 0.96ಕ್ಕೆ ಇಳಿಸಿದರೆ ಸಾಲದು. ವೇಗ ಬದಲಿಸಿದರೂ ಶ್ರುತಿ ಹಾಗೇ ಇರುವಂತೆ ಅದು ತಾನೇ ಹೊಂದಿಸಿಕೊಳ್ಳುತ್ತದೆ. ಆಡಿಯೋ ಸೆಟ್ಟಿಂಗಿನಲ್ಲಿ ಟೈಮ್-ಸ್ಟ್ರೆಚಿಂಗ್ ಗುರುತನ್ನೂ ತೆಗೆಯಬೇಕು. ಆಡಾಸಿಟಿಯಲ್ಲಾದರೆ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯಲ್ಲಿ ಮೈನಸ್ 4 ಕೊಟ್ಟರೆ ಮುಗಿಯಿತು.

ಮಧ್ಯಾಹ್ನ ಹಾರ್ಮೋನಿಯಂ ಹೊರಗೆ ಬಂತು. ಶೀರ್ಷಿಕೆ ಸಂಗೀತದ ಮೊದಲ ಹೊಡೆತದ ಸ್ವರಗಳು ಬಿ-ಫ್ಲ್ಯಾಟ್, ಡಿ-ಫ್ಲ್ಯಾಟ್, ಎಫ್, ಎ. ಆರೂವರೆ ಮನೆಯನ್ನು ಷಡ್ಜ ಮಾಡಿಕೊಂಡರೆ ಸ, ಸಾಧಾರಣ ಗಾಂಧಾರ, ಪ, ಕಾಕಲಿ ನಿಷಾದ. ಕೀರವಾಣಿ ರಾಗದಲ್ಲೂ ಗೌರಿಮನೋಹರಿ ರಾಗದಲ್ಲೂ ಇರುವ ಸ್ವರಗಳೇ. ಒಂದಾದ ಮೇಲೊಂದು ನುಡಿಸಿದರೆ ಹಿತವಾಗಿದೆ. ನಾಲ್ಕನ್ನೂ ಒಟ್ಟಿಗೆ ಒತ್ತಿ, ಷಡ್ಜವನ್ನು ಮೇಲಿನ ಸ್ಥಾಯಿಯಲ್ಲೂ ಸೇರಿಸಿ. ನಿಷಾದ-ಷಡ್ಜಗಳ ನಡುವೆ ಕಚ್ಚಾಟ ಶುರುವಾಗುತ್ತದೆ. ನಮ್ಮ ಹಾಡಿಕೆಯಲ್ಲಿ ನಿಷಾದಕ್ಕೆ ಷಡ್ಜದ ಬಿಡುಗಡೆ ಸಿಗುತ್ತದಲ್ಲ, ಹರ್ಮನ್ ಅದನ್ನು ಕೊಡುವುದೇ ಇಲ್ಲ. ಗುಂಪಿನಲ್ಲಿದ್ದ ಸಂಗೀತ ಕಲಿತವರಿಗೆ ವಿವರಣೆಗಿಂತ ಈ ಒತ್ತುವಿಕೆ ಬೇಗ ಅರ್ಥವಾಯಿತು.

ಇನ್ನು ಆಲ್ಬಂಗಳ ಮಾತು. ಚಿತ್ರ ಬಿಡುಗಡೆಯಾದಾಗ ಇದರ ಸಂಗೀತದ ಎಲ್‌ಪಿ ಬರಲಿಲ್ಲ. ಇಂದು ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವುದು ಆಮೇಲೆ ಹೊಸದಾಗಿ ನುಡಿಸಿದ್ದು. ಲಂಡನ್ ಫಿಲ್ಹಾರ್ಮೋನಿಕ್ ಜೊತೆ ಹರ್ಮನ್ ತಾವೇ ನಡೆಸಿದ, ಡೆಕ್ಕಾದ ಧ್ವನಿಮುದ್ರಣದಲ್ಲಿ ಬರೀ ಆಯ್ದ ಭಾಗಗಳ ಒಂದು ಸರಣಿ ಇದೆ. 1975ರಲ್ಲಿ, ತೀರಿಕೊಂಡ ವರ್ಷದಲ್ಲೇ, ನ್ಯಾಷನಲ್ ಫಿಲ್ಹಾರ್ಮೋನಿಕ್ ಜೊತೆ ಪೂರ್ತಿ ಸಂಗೀತವನ್ನು ನುಡಿಸಿದರು. ಅದರ ನಡೆ ಸಿನಿಮಾಕ್ಕಿಂತ ಸ್ಪಷ್ಟವಾಗಿ ನಿಧಾನ. ಶೀರ್ಷಿಕೆ ಸಂಗೀತದಲ್ಲಿ ಆ ಓಟವೇ ಉಳಿದಿಲ್ಲ, ಆದರೆ ವಯೋಲಗಳ ಒಳಸಾಲುಗಳು ಚಿತ್ರದಲ್ಲಿ ಎಂದೂ ಕೇಳದಷ್ಟು ನಿಚ್ಚಳ. ಜೋಯೆಲ್ ಮೆಕ್‌ನೀಲಿ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ಜೊತೆ 1990ರ ದಶಕದಲ್ಲಿ ಮಾಡಿದ್ದು ಸಿನಿಮಾದ ವೇಗಕ್ಕೆ ಹತ್ತಿರ, ಆದರೆ ಸಭಾಂಗಣದ ಗುಂಗು ಸೇರಿದ ನಾದ. ಸಿನಿಮಾದ್ದು ಒಣ ನಾದ, ಕಮಾನಿನ ಕೂದಲು ತಂತಿಗೆ ಉಜ್ಜುವುದು ಕೇಳುತ್ತದೆ. ಒಂದನ್ನೇ ಕೊಳ್ಳುವುದಾದರೆ ಮೆಕ್‌ನೀಲಿಯದು ಕೊಳ್ಳಿ. ಸ್ವರಗಳ ಒಳಗಿನ ನೇಯ್ಗೆ ಕಲಿಯಬೇಕೆಂದಿದ್ದರೆ 1975ರದ್ದು. ಯಾವುದನ್ನು ಕೊಂಡರೂ ‘ಟೆಂಪ್ಟೇಶನ್’ (ಲಕೋಟೆಯ ದೃಶ್ಯದ್ದು), ‘ದ ಮ್ಯಾಡ್‌ಹೌಸ್’ (ಆ ಮೂರು ಸ್ವರದ್ದು) ಎಂಬ ಎರಡು ತುಣುಕುಗಳನ್ನು ಮೊದಲು ಕೇಳಿ, ಸ್ನಾನದ ಮನೆಯ ‘ದ ಮರ್ಡರ್’ ಆಮೇಲಿರಲಿ.